ಬಕಲಾರ್ ಪ್ರವಾಸ: ದಿನಚರಿ ಹಾಕಿಕೊಳ್ಳುವ ಮುನ್ನ ನೀರಿನ ಸಂಗತಿ ತಿಳಿದಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಇತ್ತೀಚೆಗೆ ಮೆಕ್ಸಿಕೋ ದೇಶದ ಬಕಲಾರ್ ಎಂಬ ಸಿಹಿನೀರಿನ ಲಗೂನ್, ಅಂದರೆ ಉದ್ದನೆಯ ಸರೋವರದ ಕುರಿತು ಸಚಿತ್ರ ಲೇಖನವೊಂದು ಪ್ರಕಟವಾಗಿತ್ತು. ಹ್ಯೂಸ್ಟನ್‌ನಲ್ಲಿ ನೆಲೆಸಿರುವ ನಮ್ಮ ಮಗಳು ಮತ್ತು ಅಳಿಯಂದಿರು ಬರುವ ಚಳಿಗಾಲದ ರಜೆಯಲ್ಲಿ ಮಕ್ಕಳ ಜೊತೆಗೆ ನಮ್ಮಿಬ್ಬರನ್ನೂ ಬೀಗರನ್ನೂ ಕರೆದುಕೊಂಡು ಅಲ್ಲಿಗೇ ಹೋಗುವ ಸಿದ್ಧತೆಯಲ್ಲಿರುವುದರಿಂದ ಆ ಲೇಖನವನ್ನು ನಾನು ಬಹಳ ಆಸಕ್ತಿಯಿಂದ ಓದಿದೆ. ನೀರಿನ ಏಳು ಬಣ್ಣಗಳು, ನೀರಿನ ಮೇಲೆ ಕಟ್ಟಿದ ತೂಗುಮಂಚಗಳು, ಹೋಟೆಲುಗಳ ದರ, ದೋಣಿ ವಿಹಾರ ಎಲ್ಲವೂ ಅದರಲ್ಲಿದ್ದವು. ಆದರೆ ಆ ನೀರು ಏಕೆ ಅಷ್ಟು ತಿಳಿಯಾಗಿದೆ, ಅದರ ಅಂಚಿನಲ್ಲಿ ಜೀವಂತವಾಗಿರುವ ಶಿಲೆಗಳು ಯಾವುವು, ಅಲ್ಲಿಗೆ ಹೋಗುವ ಕುಟುಂಬ ಯಾವುದನ್ನು ಮಾಡಬಾರದು ಎಂಬುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳು ಮೆಕ್ಸಿಕೋದ ಕಡಲತೀರದ ಊರಾದ ಕಾನ್‌ಕುನ್ ಕಡೆಗೆ ರಜೆಗೆ ಹೋಗುವುದು ಈಗ ಸಾಮಾನ್ಯವಾಗಿದ್ದು, ಊರಿನಿಂದ ಬಂದ ತಂದೆತಾಯಿಗಳನ್ನೂ ಜೊತೆಗೆ ಕರೆದೊಯ್ಯುವ ರೂಢಿ ಇರುವುದರಿಂದ, ಬಿಟ್ಟುಹೋದ ಆ ಸಂಗತಿಗಳನ್ನು ಓದುಗರ ಮುಂದಿಡಲು ಅವಕಾಶ ಕೊಡಬೇಕೆಂದು ವಿನಂತಿಸುತ್ತೇನೆ.

ಬಕಲಾರ್ ಇರುವುದು ಯುಕಟಾನ್ ಪರ್ಯಾಯ ದ್ವೀಪದ ಕಿಂತಾನಾ ರೋ ರಾಜ್ಯದ ದಕ್ಷಿಣ ತುದಿಯಲ್ಲಿ, ಬೆಲೀಜ್ ಗಡಿಗೆ ಸಮೀಪದಲ್ಲಿ. ಉದ್ದ ನಲವತ್ತು ಕಿಲೋಮೀಟರಿಗೂ ಹೆಚ್ಚು. ಅಗಲ ಮಾತ್ರ ಹೆಚ್ಚಿನ ಕಡೆ ಒಂದೆರಡು ಕಿಲೋಮೀಟರ್. ಆ ಪ್ರದೇಶದ ನೆಲವೆಲ್ಲ ಸುಣ್ಣಕಲ್ಲು. ಮಳೆ ಬಿದ್ದ ನೀರು ನೆಲದ ಮೇಲೆ ಹೊಳೆಯಾಗಿ ಹರಿಯುವುದು ಕಡಿಮೆ. ಬಹುಪಾಲು ಕಲ್ಲಿನ ಸಂದುಗಳಲ್ಲಿ ಇಳಿದು, ನೆಲದಡಿಯ ದಾರಿಗಳಲ್ಲಿ ಸಾಗಿ, ಸುಣ್ಣವನ್ನು ಕರಗಿಸಿಕೊಂಡು ಲಗೂನಿಗೆ ತಳದಿಂದಲೇ ಬಂದು ಸೇರುತ್ತದೆ. ಹೀಗೆ ಬಂದ ನೀರಿನಲ್ಲಿ ಸಾರಜನಕ, ರಂಜಕಗಳಂಥ ಪೋಷಕಾಂಶಗಳು ತೀರ ಕಡಿಮೆ ಇರುವುದರಿಂದ ಪಾಚಿ ಬೆಳೆಯುವುದಿಲ್ಲ, ಆದ್ದರಿಂದಲೇ ನೀರು ತಿಳಿ. ತಳದಲ್ಲಿ ಬಿಳಿಯ ಸುಣ್ಣದ ಮಣ್ಣು ಕೂತಿರುವುದರಿಂದ ಆಳ ಕಡಿಮೆ ಇದ್ದಲ್ಲಿ ತೆಳು ಹಸಿರುನೀಲಿಯಾಗಿಯೂ, ಆಳವಿದ್ದಲ್ಲಿ ಕಡುನೀಲಿಯಾಗಿಯೂ, ನೆಲ ಕುಸಿದು ಉಂಟಾದ ಸೆನೋಟೆ ಎಂಬ ಗುಂಡಿಗಳ ಮೇಲೆ ಹೆಚ್ಚುಕಡಿಮೆ ಕಪ್ಪಾಗಿಯೂ ಕಾಣುತ್ತದೆ. ಹೋಟೆಲುಗಳ ಜಾಹೀರಾತಿನಲ್ಲಿ ಹೇಳುವ ಏಳು ಬಣ್ಣಗಳು ಎಂದರೆ ಇವೇ. ಈ ತಿಳಿತನ ಪೋಷಕಾಂಶಗಳ ಅಭಾವದಿಂದ ಬಂದದ್ದು ಎಂಬುದನ್ನು ಪ್ರವಾಸಕ್ಕೆ ಹೊರಡುವವರು ಮೊದಲು ತಿಳಿದಿರಬೇಕು. ಏಕೆಂದರೆ ಆ ನೀರಿಗೆ ನಾವು ಏನನ್ನು ಸೇರಿಸಿದರೂ ಅದು ಕೆಡುಕೇ.

ಇನ್ನು ಶಿಲೆಗಳ ಮಾತು. ಬಾಗಲಕೋಟೆಯವನಾದ ನನಗೆ ಈ ಸ್ಥಳದ ಮೇಲೆ ಅಕ್ಕರೆ ಹುಟ್ಟಿದ್ದೇ ಅವುಗಳಿಂದ. ನಮ್ಮ ಜಿಲ್ಲೆಯ ಕಲಾದಗಿ ಸರಣಿಯ ಶಿಲೆಗಳಲ್ಲಿ, ಅಂದರೆ ಸಿಮೆಂಟಿಗಾಗಿ ಕಡಿದು ತೆಗೆಯುವ ಅದೇ ಸುಣ್ಣಕಲ್ಲು, ಡೋಲೊಮೈಟ್‌ಗಳ ನಡುವೆ, ಸ್ಟ್ರೊಮಾಟೊಲೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಪಳೆಯುಳಿಕೆಗಳು ಸಿಗುತ್ತವೆ. ಕಲ್ಲಿನ ಮುಖವನ್ನು ಒದ್ದೆ ಮಾಡಿ ನೋಡಿದರೆ ಅಡ್ಡ ಕೊಯ್ದ ಉಳ್ಳಾಗಡ್ಡಿಯ ಹಾಗೆ ಒಂದರೊಳಗೊಂದು ಪದರಗಳು ಎದ್ದು ಕಾಣುತ್ತವೆ. ಬೆರಳಾಡಿಸಿದರೆ ತಿಳಿ ಪದರ, ಕಪ್ಪು ಪದರಗಳ ನಡುವಿನ ಏರಿಳಿತವೂ ಗೊತ್ತಾಗುತ್ತದೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಆಳವಿಲ್ಲದ ಕಡಲಿನಲ್ಲಿ ಸೈನೊಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ತೆಳುವಾದ ಹಾಸಾಗಿ ಹರಡಿ, ನೀರಿನಲ್ಲಿ ತೇಲಿ ಬಂದ ಕಣಗಳನ್ನು ಹಿಡಿದು, ಸುಣ್ಣವನ್ನು ಕಟ್ಟಿಸಿ, ಆ ಪದರ ಮುಚ್ಚಿದಾಗ ಅದರ ಮೇಲೆ ಮತ್ತೊಂದು ಹಾಸು ಹಾಸಿ ಬೆಳೆಸಿದ ರಚನೆಗಳಿವು. ಚಿತ್ರದುರ್ಗದ ಕಡೆ ಇದಕ್ಕಿಂತಲೂ ಬಹಳ ಹಳೆಯ ಶಿಲೆಗಳಲ್ಲಿ ಇಂಥವೇ ದೊರೆತಿವೆ. ಭೂಮಿಯ ವಾತಾವರಣಕ್ಕೆ ಆಮ್ಲಜನಕ ತುಂಬಿದ್ದು ಈ ಜೀವಿಗಳ ಕುಲವೇ ಎಂದು ವಿಜ್ಞಾನದ ತರಗತಿಗಳಲ್ಲಿ ಹೇಳುವಾಗ, ಮಕ್ಕಳ ಕೈಗೆ ಕೊಡಲು ನನ್ನ ಬಳಿ ಇದ್ದದ್ದು ಜೀವವಿಲ್ಲದ ಕಲ್ಲಿನ ತುಂಡು ಮಾತ್ರ.

ಬಕಲಾರ್‌ನಲ್ಲಿ ಅದೇ ಬಗೆಯ ರಚನೆಗಳು ಇಂದಿಗೂ ಬೆಳೆಯುತ್ತಿವೆ. ಆಸ್ಟ್ರೇಲಿಯಾದ ಶಾರ್ಕ್ ಬೇಯ ಸ್ಟ್ರೊಮಾಟೊಲೈಟ್‌ಗಳು ಹೆಸರಾಗಿದ್ದರೂ ಅವು ಅತಿ ಉಪ್ಪಿನ ಕಡಲ ನೀರಿನಲ್ಲಿರುವಂಥವು. ಸಿಹಿನೀರಿನಲ್ಲಿ ಬೆಳೆದವುಗಳಲ್ಲಿ ಬಕಲಾರ್‌ನದು ಜಗತ್ತಿನಲ್ಲೇ ದೊಡ್ಡದೆಂದು ವಿಜ್ಞಾನಿಗಳು ಗುರುತಿಸಿದ್ದು, ದಂಡೆಯ ಉದ್ದಕ್ಕೂ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಹಬ್ಬಿವೆ. ಮೆಕ್ಸಿಕೋದ ರಾಷ್ಟ್ರೀಯ ಸ್ವಾಯತ್ತ ವಿಶ್ವವಿದ್ಯಾಲಯದ ಲೂಯಿಸಾ ಫಾಲ್ಕೋನ್ ಮೊದಲಾದವರು ಇವುಗಳನ್ನು ಅಧ್ಯಯನ ಮಾಡುತ್ತ ಬಂದಿದ್ದಾರೆ. ನೋಡುವವರಿಗೆ ಇವು ನೀರಿನಂಚಿನ ಬೂದುಬಣ್ಣದ ದುಂಡು ಬಂಡೆಗಳು, ಅಷ್ಟೆ. ದಡ ಹತ್ತುವಾಗ ಕಾಲಿಡಲು, ದೋಣಿ ಕಟ್ಟಲು, ಕೂತು ಫೋಟೊ ತೆಗೆಸಿಕೊಳ್ಳಲು ತೀರ ಅನುಕೂಲವಾಗಿ ಕಾಣುವ ಬಂಡೆಗಳು. ಆದರೆ ಜೀವ ಇರುವುದು ಅವುಗಳ ಮೇಲ್ಪದರದಲ್ಲಿ, ಮೆತ್ತಗಿನ ತೆಳು ಹಾಸಿನಲ್ಲಿ. ಒಬ್ಬರು ಹೆಜ್ಜೆ ಇಟ್ಟರೆ ಸಾಕು, ಬೆಳೆಯಲು ಬಹುಕಾಲ ಹಿಡಿದದ್ದು ಮುರಿದು ಬೀಳುತ್ತದೆ. ಪ್ರವಾಸಿ ಲೇಖನದಲ್ಲಿ ಇದನ್ನು ಹೇಳದೆ ಬಿಡುವುದು ನನ್ನ ದೃಷ್ಟಿಯಲ್ಲಿ ಸಣ್ಣ ಲೋಪವಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಪ್ರವಾಸದ ಯೋಜನೆ ಹಾಕುವಾಗ ಒಂದೊಂದು ನಿರ್ಧಾರವನ್ನೂ ನೀರನ್ನು ಮುಂದಿಟ್ಟುಕೊಂಡು ತೆಗೆದುಕೊಳ್ಳಲು ಯತ್ನಿಸಿದೆವು. ಅದರಿಂದ ತಿಳಿದುಬಂದ ಕೆಲವು ವಿಷಯಗಳು ಇತರರಿಗೂ ಉಪಯೋಗವಾಗಬಹುದು.

ಕಾಲದ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಆ ಭಾಗದಲ್ಲಿ ಚಂಡಮಾರುತಗಳ ಕಾಲ; ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ಬಿಸಿಲೂ ಹಿತ. ಚಳಿಗಾಲದಲ್ಲಿ ಆಗಾಗ ಉತ್ತರದ ಗಾಳಿ ಬೀಸಿ ನೀರಿನಲ್ಲಿ ಅಲೆ ಏಳುವ ದಿನಗಳಿರುವುದರಿಂದ, ದೋಣಿಯ ಕಾರ್ಯಕ್ರಮವನ್ನು ಒಂದೇ ದಿನಕ್ಕೆ ಬಿಗಿಯಾಗಿ ಕಟ್ಟಿಹಾಕದೆ ಒಂದು ದಿನದ ಸಡಿಲು ಇಟ್ಟುಕೊಳ್ಳುವುದು ಒಳ್ಳೆಯದು. ಕಾನ್‌ಕುನ್‌ನಿಂದ ರಸ್ತೆಯಲ್ಲಿ ಸುಮಾರು 340 ಕಿಲೋಮೀಟರ್, ನಾಲ್ಕು ಗಂಟೆಗೂ ಮಿಕ್ಕಿದ ಪ್ರಯಾಣ. 2023ರ ಡಿಸೆಂಬರ್‌ನಲ್ಲಿ ತುಲುಮ್‌ನಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಅಲ್ಲಿಂದ ದಾರಿ ಸಾಕಷ್ಟು ಕಡಿಮೆಯಾಗಿದೆ. 2024ರ ಡಿಸೆಂಬರ್‌ನಿಂದ ಆ ಪರ್ಯಾಯ ದ್ವೀಪದ ಮಾಯಾ ರೈಲು ರಾಜ್ಯದ ರಾಜಧಾನಿ ಚೆತುಮಾಲ್‌ವರೆಗೆ ಓಡುತ್ತಿದ್ದು, ಲಗೂನಿನ ಹೆಸರನ್ನೇ ಹೊತ್ತ ಬಕಲಾರ್ ಊರಿಗೂ ನಿಲ್ದಾಣವಿದೆ. ಮೊಣಕಾಲು ನೋವಿನ ಹಿರಿಯರಿಗೆ ಕಾರಿಗಿಂತ ರೈಲು ಅನುಕೂಲ. ಆದರೆ ಇದೇ ಅನುಕೂಲದಿಂದ ಆ ಸಣ್ಣ ಊರಿಗೆ ಬರುವ ಜನರ ಸಂಖ್ಯೆ ಬೇಗ ಏರುತ್ತಿದೆ ಎಂಬುದನ್ನೂ ಮರೆಯುವಂತಿಲ್ಲ.

ವೀಸಾದ ಬಗ್ಗೆ ಅನೇಕರು ಕೇಳುತ್ತಾರೆ. ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಹೊಂದಿರುವ ಭಾರತೀಯ ಪಾಸ್‌ಪೋರ್ಟ್‌ದಾರರು ಪ್ರವಾಸಕ್ಕಾಗಿ ಮೆಕ್ಸಿಕೋಕ್ಕೆ ಹೋಗಲು ಪ್ರತ್ಯೇಕ ವೀಸಾ ಪಡೆಯುವ ಅಗತ್ಯವಿಲ್ಲವೆಂಬ ನಿಯಮವಿದೆ. ಮಕ್ಕಳ ಮನೆಗೆಂದು ಸಂದರ್ಶಕರ ವೀಸಾದಲ್ಲಿ ಹೋದ ತಂದೆತಾಯಿಗಳಿಗೂ ಇದು ಅನ್ವಯಿಸುತ್ತದೆ. ಇಂಥ ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕಾದಿರಿಸುವ ಮುನ್ನ ಮೆಕ್ಸಿಕೋ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡಿಕೊಳ್ಳಬೇಕು. ಅಮೆರಿಕಕ್ಕೆ ಮರಳಿ ಪ್ರವೇಶಿಸಲು ಬೇಕಾದ ಕಾಗದಪತ್ರಗಳ ಕಡೆಗೂ ಅಷ್ಟೇ ಗಮನ ಬೇಕು.

ಬಹಳ ಯೋಚಿಸಬೇಕಾದದ್ದು ವಸತಿಯ ವಿಷಯದಲ್ಲಿ. ಸುಣ್ಣಕಲ್ಲಿನ ನೆಲದಲ್ಲಿ ಶೌಚದ ಗುಂಡಿ ತೋಡಿದರೆ ಆ ನೀರು ಸಂದುಗಳಲ್ಲಿ ಇಳಿದು ಲಗೂನಿಗೇ ಬರುತ್ತದೆ. ಮಣ್ಣಿನಲ್ಲಿ ಸೋಸಿಹೋಗುವ ಅವಕಾಶ ಅಲ್ಲಿ ಕಡಿಮೆ. ಆದ್ದರಿಂದ ಕೋಣೆಯ ಕಿಟಕಿಯಿಂದ ನೀರು ಕಾಣುತ್ತದೆಯೇ ಎಂದು ಕೇಳುವ ಮೊದಲು ಕೋಣೆಯ ಕೊಳಚೆ ಎಲ್ಲಿ ಹೋಗುತ್ತದೆ ಎಂದು ಕೇಳಬೇಕು. ನಮ್ಮ ಮಗಳು ಕೆಲವು ವಸತಿಗೃಹಗಳಿಗೆ ಈ ಒಂದೇ ಪ್ರಶ್ನೆಯನ್ನು ಬರೆದು ಕೇಳಿದಳು. ಒಂದು ಕಡೆಯಿಂದ ಬೆಳಗಿನ ಉಪಾಹಾರದಲ್ಲಿ ಏನೇನು ಇರುತ್ತದೆ ಎಂಬ ಪಟ್ಟಿ ಬಂತೇ ಹೊರತು ಪ್ರಶ್ನೆಗೆ ಉತ್ತರ ಬರಲಿಲ್ಲ. ಇನ್ನೊಂದು ಕಡೆಯವರು ತಮ್ಮಲ್ಲಿರುವ ಶುದ್ಧೀಕರಣದ ತೊಟ್ಟಿ, ಅದನ್ನು ಎಷ್ಟು ಕಾಲಕ್ಕೊಮ್ಮೆ ಖಾಲಿ ಮಾಡಿಸುತ್ತಾರೆ, ಸ್ನಾನದ ನೀರನ್ನು ಗಿಡಗಳಿಗೆ ಹೇಗೆ ಬಿಡುತ್ತಾರೆ ಎಂಬುದನ್ನೆಲ್ಲ ವಿವರಿಸಿ, ಕೇಳಿದ್ದಕ್ಕೆ ಧನ್ಯವಾದವನ್ನೂ ಹೇಳಿದರು. ಅವರದು ದಂಡೆಯಿಂದ ಎರಡು ಬೀದಿ ಹಿಂದಿರುವ ಸಾಧಾರಣ ಮನೆ. ನಾವು ಅದನ್ನೇ ಗೊತ್ತುಮಾಡಿದೆವು.

ದಿನಚರಿ ಹಾಕುವಾಗ ಬುಧವಾರವನ್ನು ಗಮನಿಸಬೇಕು. ಬಕಲಾರ್‌ನಲ್ಲಿ ವಾರದಲ್ಲಿ ಆ ಒಂದು ದಿನ ಲಗೂನಿಗೆ ವಿಶ್ರಾಂತಿಯೆಂದು ಪ್ರವಾಸಿ ಮೋಟಾರು ದೋಣಿಗಳನ್ನು ನಿಲ್ಲಿಸುವ ಕ್ರಮವಿದೆ. ನಾವು ಮೊದಲು ವಿಚಾರಿಸಿದ ಪ್ರವಾಸ ಏಜೆನ್ಸಿಯೊಂದು ಬುಧವಾರಕ್ಕೇ ದೋಣಿ ವಿಹಾರ ಹಾಕಿ ಕಾರ್ಯಕ್ರಮ ಕಳಿಸಿತ್ತು. ಊರಿನವರು ತಮ್ಮ ದುಡಿಮೆಯ ಒಂದು ದಿನವನ್ನು ನೀರಿಗಾಗಿ ಬಿಟ್ಟುಕೊಟ್ಟಿರುವಾಗ ಅದನ್ನು ಗೌರವಿಸುವುದು ಹೊರಗಿನಿಂದ ಹೋಗುವವರ ಕರ್ತವ್ಯ. ಆ ದಿನವನ್ನು ಸಾನ್ ಫೆಲಿಪೆ ಕೋಟೆಗೆ ಇಡಬಹುದು. ಯುರೋಪಿನಲ್ಲಿ ಬಟ್ಟೆಗೆ ಬಣ್ಣ ಹಾಕಲು ಬೇಕಾಗಿದ್ದ ಒಂದು ಮರ ಈ ಕಾಡುಗಳಲ್ಲಿ ಹೇರಳವಾಗಿದ್ದು, ಅದರ ಆಸೆಗೆ ಬಂದ ಕಡಲ್ಗಳ್ಳರು ಊರನ್ನು ಮತ್ತೆಮತ್ತೆ ಸುಲಿದ ಕಾರಣ ಸ್ಪೇನಿನವರು ಕಟ್ಟಿಸಿದ ಕೋಟೆಯಿದು. 1733ರ ಹೊತ್ತಿಗೆ ಮುಗಿಯಿತು. ಕಡಲಿನಿಂದ ದೂರವಿರುವ ಊರಿಗೆ ಕಡಲ್ಗಳ್ಳರು ಹೇಗೆ ಬಂದರು ಎಂದು ಮಕ್ಕಳು ಕೇಳದೆ ಇರುವುದಿಲ್ಲ. ಚೆತುಮಾಲ್ ಕೊಲ್ಲಿಯಿಂದ ಹೊಂಡೋ ನದಿ, ಅಲ್ಲಿಂದ ಜೌಗಿನ ನಡುವಿನ ಕಿರುಗಾಲುವೆಗಳು, ಹೀಗೆ ದೋಣಿಯಲ್ಲೇ ಬರುವ ದಾರಿಯಿತ್ತು. 19ನೆಯ ಶತಮಾನದ ನಡುವೆ ಆ ನೆಲದ ಮೂಲನಿವಾಸಿಗಳಾದ ಮಾಯಾ ಜನ ದಂಗೆಯೆದ್ದಾಗ ಇದೇ ಕೋಟೆ ಅವರ ವಶವಾಗಿ ಬಹುಕಾಲ ಅವರ ಕೈಯಲ್ಲಿತ್ತು. ಒಳಗಿನ ವಸ್ತುಸಂಗ್ರಹಾಲಯ ದೊಡ್ಡದಲ್ಲ; ಹಿರಿಯರಿಗೆ ಆಯಾಸವಾಗುವಷ್ಟಿಲ್ಲ.

ಸ್ಟ್ರೊಮಾಟೊಲೈಟ್‌ಗಳನ್ನು ಹತ್ತಿರದಿಂದ ನೋಡಲು ಊರಿನ ದಕ್ಷಿಣಕ್ಕಿರುವ ಲಾಸ್ ರಾಪಿದೋಸ್ ಎಂಬ ಜಾಗ ಒಳ್ಳೆಯದು. ಅಲ್ಲಿ ಲಗೂನ್ ಕಿರಿದಾಗಿ ನೀರಿಗೆ ಸೆಳೆತವಿದೆ. ತೇಲುವ ಜಾಕೆಟ್ ತೊಟ್ಟು ನೀರಿನ ಜೊತೆಗೇ ಸಾಗುತ್ತ ಎರಡೂ ಬದಿಯ ಶಿಲೆಗಳನ್ನು ಮುಟ್ಟದೆ ನೋಡಬಹುದು. ಮುಟ್ಟಬಾರದು, ಮೇಲೆ ನಿಲ್ಲಬಾರದು ಎಂಬ ಫಲಕಗಳೂ ಇವೆ. ಮಕ್ಕಳಿಗೆ ಅಲ್ಲಿ ಹೋಗಿ ಎಚ್ಚರಿಸುವುದಕ್ಕಿಂತ ಹೊರಡುವ ಮೊದಲೇ ಇವು ಏನೆಂದು ಹೇಳಿದ್ದರೆ ಅವರೇ ದೊಡ್ಡವರನ್ನು ತಡೆಯುತ್ತಾರೆ. ನಮ್ಮ ಮೊಮ್ಮಗಳಿಗೆ ಫೋನಿನಲ್ಲಿ ಬಾಗಲಕೋಟೆಯ ಕಲ್ಲಿನ ತುಂಡನ್ನು ತೋರಿಸಿ ಪದರಗಳ ಬಗ್ಗೆ ಹೇಳಿದ್ದೆ. ‘ಅಜ್ಜಾ, ಹಂಗಾರ ಅಲ್ಲಿಂದು ಇನ್ನೂ ಜೀವಂತ ಐತೇನು? ಅದಕ್ಕ ನೋವಾಗತದೇನು?’ ಎಂದು ಕೇಳಿದಳು. ನೋವಿನ ಪ್ರಶ್ನೆಗೆ ವಿಜ್ಞಾನದ ಉತ್ತರ ಕೊಟ್ಟೆನಾದರೂ ಅವಳು ಅವುಗಳ ಮೇಲೆ ಕಾಲಿಡುವುದಿಲ್ಲವೆಂಬುದು ನನಗೆ ಖಾತ್ರಿಯಾಯಿತು.

ಮೈಗೆ ಹಚ್ಚಿಕೊಳ್ಳುವುದರ ಬಗ್ಗೆ ನಮ್ಮವರಿಗೆ ವಿಶೇಷವಾಗಿ ಹೇಳಬೇಕು. ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್ ಲೇಪಗಳನ್ನೂ ಸೊಳ್ಳೆಗೆ ಹಚ್ಚುವ ಮುಲಾಮುಗಳನ್ನೂ ಹಚ್ಚಿಕೊಂಡು ನೀರಿಗಿಳಿಯಬಾರದೆಂದು ಅಲ್ಲಿಯ ದೋಣಿಯವರು ಕೇಳಿಕೊಳ್ಳುತ್ತಾರೆ. ಸಮುದ್ರದಲ್ಲಾದರೆ ಅಲೆ ಬಂದು ಹೊತ್ತೊಯ್ಯುತ್ತದೆ. ಇಲ್ಲಿ ನೀರು ಬದಲಾಗುವುದು ನಿಧಾನ. ಉದ್ದ ತೋಳಿನ ಈಜು ಅಂಗಿ, ಅಗಲ ಅಂಚಿನ ಟೋಪಿ ಸಾಕು. ಆದರೆ ನಮ್ಮ ಮನೆಗಳಲ್ಲಿ ನೀರಿಗಿಳಿಯುವ ಮುನ್ನ ಮಕ್ಕಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯೂ ಇದೆಯಲ್ಲ, ಅದನ್ನೂ ಆ ಕೆಲವು ದಿನ ಬಿಡಬೇಕು. ನೀರು ಕಂಡಲ್ಲಿ ನಾಣ್ಯ ಹಾಕುವುದು, ಹೂವು, ಅರಿಶಿನ, ಕುಂಕುಮ ಬಿಡುವುದು ನಮ್ಮ ಹಿರಿಯರಿಗೆ ಸಹಜ. ಭಕ್ತಿಯಿಂದ ಮಾಡುವ ಕೆಲಸವೇ ಆದರೂ ಆ ನೀರಿಗೆ ಅದು ಸಲ್ಲದು. ಬೀಗರಿಗೆ ಇದನ್ನು ಹೇಗೆ ಹೇಳುವುದೆಂದು ಮಗಳಿಗೆ ಸಂಕೋಚವಿತ್ತು. ನೀರಿನಲ್ಲಿರುವ ಜೀವಕ್ಕೆ ತೊಂದರೆಯಾಗುತ್ತದೆಂದು ತಿಳಿಸಿದ ಮೇಲೆ ಅವರು ಒಂದು ಮಾತೂ ಆಡದೆ ಒಪ್ಪಿಕೊಂಡರು, ದಡದಲ್ಲೇ ನಿಂತು ಕೈಮುಗಿದರಾಯಿತು ಎಂದರು.

ಸುರಕ್ಷತೆಯ ಬಗ್ಗೆಯೂ ತಮ್ಮ ಲೇಖನ ಮೌನವಾಗಿತ್ತು. ಲಗೂನಿನ ಅಂಚಿನಲ್ಲಿ ಅನೇಕ ಕಡೆ ಮೊಣಕಾಲುದ್ದ ನೀರು ಇರುವುದನ್ನು ಕಂಡು ದೊಡ್ಡವರು ನಿಶ್ಚಿಂತರಾಗುವುದುಂಟು. ಆದರೆ ಸೆನೋಟೆಯ ಅಂಚು ಬಂದಲ್ಲಿ ತಳ ಒಮ್ಮೆಲೇ ಇಳಿದುಬಿಡುತ್ತದೆ. ಲಗೂನಿನ ಪಕ್ಕದಲ್ಲೇ ಇರುವ ಸೆನೋಟೆ ಅಸುಲ್ ಎಂಬುದು ಸುಮಾರು 90 ಮೀಟರ್ ಆಳ. ತಿಳಿನೀರಿನಲ್ಲಿ ಆಳದ ಅಂದಾಜು ಕಣ್ಣಿಗೆ ಸಿಗುವುದಿಲ್ಲವಾದ್ದರಿಂದ, ಈಜು ಬಲ್ಲ ಮಕ್ಕಳಿಗೂ ಜಾಕೆಟ್ ತೊಡಿಸುವುದನ್ನು ತಪ್ಪಿಸಬಾರದು.

ಊಟದ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಜೋಳ ತಿನ್ನುವ ನಾಡಿನವರಾದ ನಮಗೆ ಅಲ್ಲಿಯ ಗೋವಿನಜೋಳದ ರೊಟ್ಟಿ ಹೊಸದೆನಿಸುವುದಿಲ್ಲ; ಹುರುಳಿಕಾಯಿ ಜಾತಿಯ ಕಪ್ಪು ಕಾಳಿನ ಪಲ್ಯವೂ ಎಲ್ಲೆಡೆ ಸಿಗುತ್ತದೆ. ಆದರೆ ಆ ಕಾಳನ್ನು ಕೆಲವೆಡೆ ಹಂದಿಯ ಕೊಬ್ಬಿನಲ್ಲಿ ಬಾಡಿಸುತ್ತಾರಾದ್ದರಿಂದ ಸಸ್ಯಾಹಾರಿಗಳು ‘ಸಿನ್ ಮಾಂತೇಕಾ’, ಅಂದರೆ ಕೊಬ್ಬು ಹಾಕಬೇಡಿ ಎಂಬ ಎರಡು ಶಬ್ದಗಳನ್ನು ಕಲಿತು ಹೋಗಬೇಕು. ಕುಡಿಯಲು ನಲ್ಲಿಯ ನೀರು ಬೇಡ. ವಸತಿಗೃಹಗಳಲ್ಲಿ ದೊಡ್ಡ ಕ್ಯಾನುಗಳಲ್ಲಿ ಇಟ್ಟಿರುವ ಶುದ್ಧ ನೀರನ್ನು ನಮ್ಮ ಬಾಟಲಿಗಳಿಗೆ ತುಂಬಿಕೊಂಡರೆ ಪ್ಲಾಸ್ಟಿಕ್ ಕಸವೂ ತಪ್ಪುತ್ತದೆ.

ಇಷ್ಟೆಲ್ಲ ಹೇಳಿದರೆ ನೀರು ಕೆಡುವುದಕ್ಕೆ ಪ್ರವಾಸಿಗರೇ ಕಾರಣ ಎಂದು ತಿಳಿಯಬಾರದು. 2020ರ ಜೂನ್‌ನಲ್ಲಿ ಕ್ರಿಸ್ತೋಬಾಲ್ ಚಂಡಮಾರುತದ ಭಾರಿ ಮಳೆ ಸುರಿದಾಗ, ಕೋವಿಡ್‌ನಿಂದಾಗಿ ಪ್ರವಾಸಿಗರು ತೀರ ಕಡಿಮೆ ಇದ್ದ ಹೊತ್ತಿನಲ್ಲೇ, ಒಳನಾಡಿನಲ್ಲಿ ಕಾಡು ಕಡಿದು ಮಾಡಿದ ಹೊಲಗಳಿಂದ ಮಣ್ಣು, ಗೊಬ್ಬರ, ಕೀಟನಾಶಕಗಳು ನೀರಿನ ಜೊತೆಗೆ ಹರಿದು ಬಂದು ಲಗೂನ್ ಕಂದುಬಣ್ಣಕ್ಕೆ ತಿರುಗಿತು. ಬಣ್ಣಗಳು ಮರಳಲು ಬಹಳ ತಿಂಗಳುಗಳೇ ಬೇಕಾದವು. ಬೆಳಕು ತಳಕ್ಕೆ ತಲುಪದಿದ್ದರೆ ದ್ಯುತಿಸಂಶ್ಲೇಷಣೆಯಿಂದ ಬದುಕುವ ಸೈನೊಬ್ಯಾಕ್ಟೀರಿಯಾಗಳಿಗೆ ಆಹಾರವಿಲ್ಲ; ಪೋಷಕಾಂಶ ಹೆಚ್ಚಾದರೆ ಬೇರೆ ಪಾಚಿ ಬೆಳೆದು ಶಿಲೆಯ ಮೈಯನ್ನೇ ಮುಚ್ಚುತ್ತದೆ. ಹೊಲಗಳ ಪದ್ಧತಿಯನ್ನು ಬದಲಿಸುವುದು ಆ ದೇಶದ ಸರ್ಕಾರದ, ಅಲ್ಲಿಯ ರೈತರ ಕೈಯಲ್ಲಿದೆ. ಅದು ನಮ್ಮ ಅಳವಿಗೆ ಮೀರಿದ್ದು. ಹಾಗೆಂದು ಮೊದಲೇ ಬಳಲಿರುವ ನೀರಿನ ಮೇಲೆ ನಮ್ಮ ಪಾಲಿನ ಭಾರವನ್ನೂ ಹೊರಿಸುವುದು ನ್ಯಾಯವಲ್ಲ. ‘ಅಲ್ಲಿಗೆ ಹೋಗದೇ ಇರುವುದೇ ಒಳ್ಳೆಯದಲ್ಲವೇ’ ಎಂದು ನನ್ನ ಮಿತ್ರರೊಬ್ಬರು ಕೇಳಿದರು. ನಾನು ಒಪ್ಪಲಿಲ್ಲ. ಆ ಊರಿನ ಬಹುಪಾಲು ಮನೆಗಳು ಪ್ರವಾಸಿಗರಿಂದ ನಡೆಯುತ್ತವೆ. ನೀರು ತಿಳಿಯಾಗಿದ್ದರೆ ತಮಗೆ ಅನ್ನ ಎಂದು ಬಲ್ಲ ದೋಣಿಯವರೇ ಅದರ ಪರವಾಗಿ ಮಾತಾಡುತ್ತಿರುವಾಗ, ಹುಟ್ಟುಹಾಕುವ ದೋಣಿ, ಹಾಯಿದೋಣಿ ನಡೆಸುವ, ಶಿಲೆಗಳಿಂದ ದೂರ ನಿಲ್ಲಿಸುವ ಜನರಿಗೆ ನಮ್ಮ ಹಣ ಸೇರಿದರೆ ಅವರ ಮಾತಿಗೆ ಬಲ ಬರುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪ್ರವಾಸ ಪುರವಣಿಯ ಪ್ರತಿ ಲೇಖನದ ಕೊನೆಗೆ ತಲುಪುವುದು ಹೇಗೆ, ಉಳಿಯುವುದು ಎಲ್ಲಿ ಎಂಬ ಚೌಕವೊಂದನ್ನು ತಾವು ಹಾಕುತ್ತೀರಿ. ಕೆರೆ, ಲಗೂನ್, ಜಲಪಾತಗಳ ಬಗ್ಗೆ ಬರೆಯುವಾಗ ಅದೇ ಚೌಕದಲ್ಲಿ ಇನ್ನೆರಡು ಸಾಲುಗಳಿಗೆ ಜಾಗ ಮಾಡಿಕೊಡಬೇಕು: ಆ ನೀರಿನಲ್ಲಿ ಯಾವ ಜೀವವಿದೆ, ಅದರ ಮುಂದೆ ಪ್ರವಾಸಿಗರು ಏನು ಮಾಡಬಾರದು. ಬಕಲಾರ್ ಕುರಿತು ಮತ್ತೊಮ್ಮೆ ಬರೆಯುವ ಸಂದರ್ಭ ಬಂದರೆ ಬುಧವಾರದ ವಿಷಯವನ್ನೂ, ಸನ್‌ಸ್ಕ್ರೀನ್ ಲೇಪದ ವಿಷಯವನ್ನೂ, ಮೇಲೆ ನಿಲ್ಲಬಾರದ ಆ ಶಿಲೆಗಳ ಒಂದು ಚಿತ್ರವನ್ನೂ ಸೇರಿಸಬೇಕೆಂದು ಪ್ರಾರ್ಥಿಸುತ್ತೇನೆ. ಚಿತ್ರ ನೋಡಿ ಗುರುತು ಸಿಕ್ಕರೆ ಕಾಲು ತಾನಾಗಿ ತಡೆಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ, ಬಾಗಲಕೋಟೆ